ಹಾಲಿನ ಖಾತೆಯಲ್ಲಿ ತಿಪ್ಪೆಯ ಬಾಬ್ತು

ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ ಹುಟ್ಟಿ ನಾಸಿಕ್ ನಗರದ ಸ್ನಾನಘಟ್ಟಗಳನ್ನು ಹಾದು ಬರುವ ಗೋದಾವರಿ, ನಿಫಾಡ ತಾಲ್ಲೂಕಿನ ನಾಂದೂರ್ ಮಧಮೇಶ್ವರದ ಒಡ್ಡಿನಲ್ಲಿ ಒಮ್ಮೆ ನಿಂತು, ಅಹಿಲ್ಯಾನಗರ ಜಿಲ್ಲೆಯ ಬಯಲು ದಾಟಿ ಪೈಠಣದ ಜಾಯಕವಾಡಿ ಜಲಾಶಯ ಸೇರುತ್ತದೆ. 2023ರವರೆಗೆ ಔರಂಗಾಬಾದ್ ಎಂದೇ ಕರೆಯುತ್ತಿದ್ದ ಛತ್ರಪತಿ ಸಂಭಾಜಿನಗರ ಕುಡಿಯುವುದು ಈ ಜಲಾಶಯದ ನೀರನ್ನು. ಮೇಲಿನ ನಾಸಿಕ್‌ಗೂ ಕೆಳಗಿನ ಮರಾಠವಾಡಕ್ಕೂ ನೀರಿನ ಪ್ರಮಾಣದ ಬಗ್ಗೆ ಹಳೆಯ ಜಗಳವಿದೆ. ಅಕ್ಟೋಬರ್ ಮಧ್ಯದ ಹೊತ್ತಿಗೆ ಜಾಯಕವಾಡಿ ಶೇ 65ರಷ್ಟು ತುಂಬದಿದ್ದರೆ ಮೇಲಿನ ಅಣೆಕಟ್ಟುಗಳಿಂದ ನೀರು ಬಿಡಬೇಕೆಂಬ ಲೆಕ್ಕಾಚಾರ ರಾಜ್ಯದ ಜಲಸಂಪತ್ತು ನಿಯಂತ್ರಣ ಪ್ರಾಧಿಕಾರದ 2014ರ ಆದೇಶದ ಹಿಂದಿದೆ. 2016ರಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಎಷ್ಟು ನೀರು ಎಂಬ ಪ್ರಶ್ನೆಗೆ ಇಷ್ಟೆಲ್ಲ ನಡೆದಿದೆ; ಎಂಥ ನೀರು ಎಂಬುದು ಅಷ್ಟಾಗಿ ಚರ್ಚೆಗೆ ಬಂದದ್ದಿಲ್ಲ. ಆದರೆ ನಾಸಿಕ್, ಸಂಭಾಜಿನಗರ ಎರಡೂ ಜಿಲ್ಲೆಗಳಲ್ಲಿ ಹಸು ಕಟ್ಟಿ ಬದುಕುವವರಿಗೆ ಮುಂದಿನ ದಿನಗಳಲ್ಲಿ ಕೈ ಕಚ್ಚಲಿರುವುದು ಈ ಎರಡನೆಯ ಪ್ರಶ್ನೆಯೇ. ಪರಿಸರದ ನಿಯಮ ಒಂದು ಕಡೆ, ಹಣಕಾಸಿನ ಅಪಾಯ ಇನ್ನೊಂದು ಕಡೆ ಎಂದು ನಾವು ವಿಂಗಡಿಸಿಟ್ಟುಕೊಂಡಿದ್ದೇವೆ. ಕೊಟ್ಟಿಗೆಯ ಮಟ್ಟಿಗೆ ಆ ವಿಂಗಡಣೆ ಸುಳ್ಳು ಎನ್ನುವುದು ನನ್ನ ವಾದ. ಸಗಣಿ, ಗಂಜಲ, ತೊಳೆದ ನೀರನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಹೈನುಗಾರ ತನಗೆ ಗೊತ್ತಿಲ್ಲದ ಒಂದು ಸಾಲವನ್ನು ಹೊತ್ತುಕೊಂಡಿರುತ್ತಾನೆ.

ಅವನಿಗೆ ಗೊತ್ತಿರುವ ಅಪಾಯವನ್ನೇ ಮೊದಲು ನೋಡೋಣ. ಮಹಾರಾಷ್ಟ್ರದಲ್ಲಿ ಹಾಲಿನ ಬಹುಪಾಲು ಖಾಸಗಿ ಡೇರಿಗಳ ಪಾಲು. ಕರ್ನಾಟಕದಲ್ಲಿ ಹಾಲು ಒಕ್ಕೂಟ ಒಂದು ದರ ಹಿಡಿದು ನಿಲ್ಲಿಸುತ್ತದೆ. ಅದರ ಮೇಲೆ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾಗಿ 5 ರೂಪಾಯಿವರೆಗೆ ಏರಿದ ಸರ್ಕಾರಿ ಪ್ರೋತ್ಸಾಹಧನವಿದೆ. ಅಂಥ ಆಸರೆ ನಾಸಿಕ್‌ನ ಸಿನ್ನರ್, ಯೇವಲಾದ ರೈತನಿಗೂ ಇಲ್ಲ, ಸಂಭಾಜಿನಗರದ ವೈಜಾಪುರ, ಗಂಗಾಪುರ, ಕನ್ನಡ (ಹೌದು, ಆ ಹೆಸರಿನದೇ ಒಂದು ತಾಲ್ಲೂಕು ಅಲ್ಲಿದೆ) ತಾಲ್ಲೂಕುಗಳ ರೈತನಿಗೂ ಇಲ್ಲ. 2023ರ ಜುಲೈಯಲ್ಲಿ ರಾಜ್ಯ ಸರ್ಕಾರ 3.5 ಫ್ಯಾಟ್, 8.5 ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಇರುವ ಆಕಳ ಹಾಲಿಗೆ ಲೀಟರಿಗೆ ಕನಿಷ್ಠ 34 ರೂಪಾಯಿ ಎಂದು ಗೊತ್ತುಮಾಡಿತು. ಹಾಲಿನ ಪುಡಿಯ ಪೇಟೆ ಕುಸಿಯುತ್ತಲೇ ಅದೇ ವರ್ಷದ ಕೊನೆಗೆ ಡೇರಿಗಳು ಕೊಡುತ್ತಿದ್ದದ್ದು 27 ರೂಪಾಯಿ ಆಸುಪಾಸು. ದಿನಕ್ಕೆ 200 ಲೀಟರ್ ಹಾಕುವ ಒಂದು ಕೊಟ್ಟಿಗೆಯನ್ನು ಇಟ್ಟುಕೊಳ್ಳಿ: ಏಳು ರೂಪಾಯಿ ಇಳಿದರೆ ದಿನಕ್ಕೆ 1,400, ತಿಂಗಳಿಗೆ 42,000 ರೂಪಾಯಿ ಕೈತಪ್ಪುತ್ತದೆ. ಹಿಂಡಿ, ಬೂಸಾದ ದರ ಅದರ ಜೊತೆಗೆ ಇಳಿಯುವುದಿಲ್ಲ. 2018ರ ಜುಲೈಯಲ್ಲಿ ಇದೇ ಬಗೆಯ ಕುಸಿತಕ್ಕೆ ಹಾಲನ್ನು ರಸ್ತೆಗೆ ಸುರಿದ ಚಳವಳಿಯೇ ನಡೆದಿತ್ತು. ಇಂಥ ಹೊತ್ತಿನಲ್ಲಿ ರೈತನ ಮುಂದೆ ಹೋಗಿ ತಿಪ್ಪೆಗೆ ನೆಲ ಹಾಕಿಸು, ಚರಂಡಿಗೆ ಗಂಜಲ ಬಿಡಬೇಡ ಎಂದರೆ ಅವನು ಸಿಡುಕುವುದು ಸಹಜ. ಬೆಲೆಯೇ ನಿಲ್ಲದಿರುವಾಗ ಸಗಣಿಯ ಮಾತೇನು ಎಂಬ ಅವನ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವೂ ಬೇಕು.

ಉತ್ತರದ ಮೊದಲ ತುಂಡು, ಬೆಲೆ ಬಿದ್ದಾಗ ಬಂದ ನೆರವು ಯಾವ ದಾರಿಯಿಂದ ಬಂತು ಎನ್ನುವುದರಲ್ಲಿದೆ. 2024ರ ಜನವರಿಯಲ್ಲಿ ಸರ್ಕಾರ ಲೀಟರಿಗೆ 5 ರೂಪಾಯಿ ಅನುದಾನ ಕೊಟ್ಟಿತು, ಜುಲೈಯಲ್ಲಿ ಮತ್ತೆ ಕೊಟ್ಟಿತು, ಅಕ್ಟೋಬರ್‌ನಲ್ಲಿ 7 ರೂಪಾಯಿಗೆ ಏರಿಸಿತು. ಆದರೆ ಹಸುವಿನ ಕಿವಿಯಲ್ಲಿ ಟ್ಯಾಗ್ ಇರಬೇಕು, ಅದು ಸರ್ಕಾರದ ಕಂಪ್ಯೂಟರಿನಲ್ಲಿ ದಾಖಲಾಗಿರಬೇಕು, ಹಾಲಿನ ಹಣ ಬ್ಯಾಂಕ್ ಖಾತೆಗೇ ಜಮೆಯಾಗಿರಬೇಕು. ಟ್ಯಾಗ್ ಇಲ್ಲದ ಹಸುವಿನ ಹಾಲಿಗೆ ಅನುದಾನ ಇರಲಿಲ್ಲ. ಜಾನುವಾರು ವಿಮೆಯದೂ ಇದೇ ಕಥೆ. 2024ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಜಾನುವಾರು ಮಿಷನ್ನಿನ ನಿಯಮ ಬದಲಾಗಿ, ರೈತ ಕಟ್ಟಬೇಕಾದ ವಿಮಾ ಕಂತು ಶೇ 15ಕ್ಕೆ ಇಳಿಯಿತು. ಐದು ದನಗಳಿಗೆ ಸಿಗುತ್ತಿದ್ದ ರಿಯಾಯಿತಿ ಹತ್ತಕ್ಕೆ ಏರಿತು. ಸತ್ತ ಹಸುವಿನ ಕಿವಿಯಲ್ಲಿ ಟ್ಯಾಗ್ ಇಲ್ಲದಿದ್ದರೆ ಪರಿಹಾರ ದಕ್ಕುವುದಿಲ್ಲ ಎನ್ನುವುದು ಪಶುವೈದ್ಯರೆಲ್ಲ ಹೇಳುವ ಮಾತು. ಪಶುಸಂಗೋಪನೆಗೂ ವಿಸ್ತರಿಸಿದ ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ 2 ಲಕ್ಷದವರೆಗಿನ ಸಾಲ ಸಕಾಲಕ್ಕೆ ತೀರಿಸಿದರೆ ಶೇ 4ರ ಬಡ್ಡಿಗೆ ಬೀಳುತ್ತದೆ. ಅದಕ್ಕೂ ದಾಖಲೆಯೇ ಆಧಾರ. ಅಂದರೆ ಹೈನುಗಾರಿಕೆಯಲ್ಲಿ ಇಂದು ಇರುವ ಆಸರೆಗಳೆಲ್ಲ ಕಾಗದದಲ್ಲಿ ಕಾಣುವವನಿಗೆ ಮಾತ್ರ. ಕೊಟ್ಟಿಗೆಯ ನೋಂದಣಿ ಆ ಕಾಗದದ ಸರಣಿಗೆ ಸೇರಲಿರುವ ಮುಂದಿನ ಕೊಂಡಿ ಎಂದು ನಾನು ಭಾವಿಸುತ್ತೇನೆ. ನೆರವಿಗೆ ಆ ನೋಂದಣಿಯನ್ನು ಷರತ್ತಾಗಿಸುವ ಯಾವ ಆದೇಶವೂ ಹೊರಟಿಲ್ಲ; ಹತ್ತು ವರ್ಷಗಳಲ್ಲಿ ಗಾಳಿ ಬೀಸಿದ ದಿಕ್ಕು ನೋಡಿ ಹೇಳುತ್ತಿರುವ ಮಾತಷ್ಟೇ.

ಕಾನೂನಿನ ಕಡೆಯಿಂದ ಆಗಿರುವುದು ಇಷ್ಟು. ದೆಹಲಿಯ ಡೇರಿ ಕಾಲೊನಿಗಳ ಕೊಳೆಯ ಬಗ್ಗೆ ನುಗ್ಗೇಹಳ್ಳಿ ಜಯಸಿಂಹ ಎಂಬವರು 2018ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದರು. ಪ್ರಕರಣ ಬೆಳೆದು ದೇಶದ ಎಲ್ಲ ಡೇರಿಗಳಿಗೂ ಚಾಚಿಕೊಂಡಿತು. ನ್ಯಾಯಮಂಡಳಿಯ ಸೂಚನೆಯಂತೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಡೇರಿ ಮತ್ತು ಗೋಶಾಲೆಗಳ ಪರಿಸರ ನಿರ್ವಹಣೆಗೆ ಮಾರ್ಗಸೂಚಿ ಹೊರಡಿಸಿ, ಮರುವರ್ಷ ಪರಿಷ್ಕರಿಸಿತು. ಸ್ಥಳೀಯ ಸಂಸ್ಥೆಯಲ್ಲಿ ನೋಂದಣಿ, ಹದಿನೈದಕ್ಕಿಂತ ಹೆಚ್ಚು ದನಗಳಿರುವ ಕೊಟ್ಟಿಗೆಗೆ ಜಲ ಕಾಯ್ದೆ ಮತ್ತು ವಾಯು ಕಾಯ್ದೆಯಡಿ ರಾಜ್ಯ ಮಂಡಳಿಯ ಸಮ್ಮತಿ, ನೀರು ಇಂಗದ ನೆಲ, ಸಗಣಿಯನ್ನು ಚರಂಡಿಗೆ ಬಿಡದೆ ಗೊಬ್ಬರವನ್ನೋ ಅನಿಲವನ್ನೋ ಮಾಡುವ ಏರ್ಪಾಡು, ಮನೆ, ಶಾಲೆ, ಕೆರೆಗಳಿಂದ ಅಂತರ ಇವು ಅದರ ತಿರುಳು. ಇದನ್ನು ಓದಿದ ರೈತರು ಎಷ್ಟು ಮಂದಿಯೋ! ಆದರೆ ಇನ್ನೊಂದು ಬದಲಾವಣೆ ಇದಕ್ಕಿಂತ ದೊಡ್ಡದು, ಅದರ ಸದ್ದು ಮಾತ್ರ ಕಡಿಮೆ. 2023ರ ಜನ ವಿಶ್ವಾಸ್ ಕಾಯ್ದೆ ಪರಿಸರ ಸಂರಕ್ಷಣಾ ಕಾಯ್ದೆ ಮತ್ತು ವಾಯು ಕಾಯ್ದೆಯ ಹಲವು ತಪ್ಪುಗಳಿಗಿದ್ದ ಜೈಲುಶಿಕ್ಷೆ ತೆಗೆದು, 10,000 ರೂಪಾಯಿಯಿಂದ 15 ಲಕ್ಷದವರೆಗಿನ ದಂಡ ಇಟ್ಟಿತು. 2024ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಮೇಲ್ನೋಟಕ್ಕೆ ಇದು ಸಡಿಲಿಕೆ. ಹೈನುಗಾರನ ಕಣ್ಣಿನಿಂದ ನೋಡಿದರೆ ಹಾಗೇನಿಲ್ಲ. ಸಗಣಿಗಾಗಿ ಯಾರನ್ನೂ ಜೈಲಿಗೆ ಕಳಿಸುವುದಿಲ್ಲ ಎಂಬ ಧೈರ್ಯ ಹಿಂದೆ ಎಲ್ಲರಿಗೂ ಇತ್ತು. ಮೊಕದ್ದಮೆ ಹೂಡಿ ಸಾಬೀತು ಮಾಡುವುದು ಇಲಾಖೆಗೂ ಬೇಡದ ಕೆಲಸವಾಗಿತ್ತು. ಈಗ ಕೋರ್ಟಿಗೆ ಹೋಗದೆ ಒಬ್ಬ ನಿರ್ಣಯಾಧಿಕಾರಿ ದಂಡ ಹಾಕಬಹುದು. ಅಪರಾಧದ ಭಯ ಹೋಗಿ ಹಣದ ಭಯ ಬಂದಿದೆ. ಹಾಲಿನ ದರದ ಏರಿಳಿತದ ಹಾಗೆ ಇದೂ ಈಗ ರೂಪಾಯಿಯಲ್ಲಿ ಅಳೆಯಬಹುದಾದ ಅಪಾಯ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಸಗಣಿ ನಮ್ಮಲ್ಲಿ ಕೊಳೆಯಲ್ಲ, ಸಂಪತ್ತು. ಅದನ್ನು ಮಾಲಿನ್ಯ ಎನ್ನುವುದೇ ಪಟ್ಟಣದವರ ಮೂಗಿನ ತಕರಾರು. ಎರಡು ಎಮ್ಮೆ, ಒಂದು ಜೋಡಿ ಎತ್ತು, ನಾಲ್ಕು ಎಕರೆ ಇದ್ದ ಕಾಲಕ್ಕೆ ಈ ಮಾತು ಅಕ್ಷರಶಃ ನಿಜ. ಹೊಲದ ದಂಟು ದನಕ್ಕೆ, ದನದ ಸಗಣಿ ಹೊಲಕ್ಕೆ ಎಂದು ಸತ್ವ ಅಲ್ಲಲ್ಲೇ ಸುತ್ತುತ್ತಿತ್ತು. ಮಿಶ್ರತಳಿಯ ಇಪ್ಪತ್ತು ಹಸು ಕಟ್ಟಿದ ಕೊಟ್ಟಿಗೆಯ ಲೆಕ್ಕ ಬೇರೆ. ಸುಮಾರು 400 ಕಿಲೋ ತೂಕದ ದನ ದಿನಕ್ಕೆ 15ರಿಂದ 20 ಕಿಲೋ ಸಗಣಿ ಹಾಕುತ್ತದೆ, ಹೆಚ್ಚುಕಡಿಮೆ ಅಷ್ಟೇ ಲೀಟರ್ ಗಂಜಲ. ಇಪ್ಪತ್ತು ಹಸುವಿಗೆ ದಿನಕ್ಕೆ ಕನಿಷ್ಠ 300 ಕಿಲೋ ಎಂದರೂ ವರ್ಷಕ್ಕೆ 110 ಟನ್ ಹಸಿ ಸಗಣಿ. ಕೊಳೆತು ಅರ್ಧಕ್ಕೆ ಇಳಿಯಿತೆನ್ನಿ, 50 ಟನ್ನಿಗೂ ಮೀರಿದ ಗೊಬ್ಬರ. ಹೆಕ್ಟೇರಿಗೆ 10ರಿಂದ 12 ಟನ್ ಹಾಕುವ ವಾಡಿಕೆಯ ಪ್ರಕಾರ ಇದನ್ನು ಅರಗಿಸಿಕೊಳ್ಳಲು ಹತ್ತು ಹನ್ನೆರಡು ಎಕರೆ ಬೇಕು. ಇಂಥ ಕೊಟ್ಟಿಗೆಗಳ ಮಾಲೀಕರಲ್ಲಿ ಅನೇಕರಿಗೆ ಇರುವುದು ಎರಡೋ ಮೂರೋ ಎಕರೆ. ಕಾರಣ ಸರಳ: ಹಸುವಿನ ಹೊಟ್ಟೆಗೆ ಹೋಗುವ ಹತ್ತಿಕಾಳಿನ ಹಿಂಡಿ, ಮೆಕ್ಕೆಜೋಳದ ಸೈಲೇಜ್, ಪಶು ಆಹಾರದ ಮೂಟೆ ಎಲ್ಲ ಬೇರೆಯವರ ಹೊಲದಿಂದ ಬರುತ್ತವೆ. ಹಾಲಾಗಿ ಹೊರಹೋಗುವ ಭಾಗ ಸಣ್ಣದು. ಉಳಿದ ಸಾರಜನಕ, ರಂಜಕ ಆ ಕೊಟ್ಟಿಗೆಯ ಹಿಂದೆಯೇ ರಾಶಿ ಬೀಳುತ್ತದೆ. ಮಳೆಗಾಲದ ನಾಲ್ಕು ತಿಂಗಳು ಬಯಲಲ್ಲಿ ಬಿದ್ದ ಆ ತಿಪ್ಪೆಯಿಂದ ಕಪ್ಪು ನೀರು ಬಸಿಯುತ್ತದೆ. ಕೆಳಗಿರುವುದು ದಖ್ಖನ್ನಿನ ಕರಿಕಲ್ಲು, ಬಿರುಕು ಬಿಟ್ಟ ಬಂಡೆ. ಬಸಿದದ್ದು ಬಿರುಕು ಹಿಡಿದು ತೆರೆದ ಬಾವಿ ಸೇರಲು ಬಹಳ ದಿನ ಬೇಕಿಲ್ಲ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಮಹಾರಾಷ್ಟ್ರದ ಮಾದರಿಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚಿನವು, ಕರ್ನಾಟಕದಲ್ಲಿ ಅರ್ಧದಷ್ಟು, ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಎಂಬ ಕುಡಿಯುವ ನೀರಿನ ಮಿತಿಯನ್ನು ಮೀರಿದ್ದವು. ಇದರಲ್ಲಿ ಯೂರಿಯಾದ ಪಾಲು, ಶೌಚಗುಂಡಿಯ ಪಾಲು, ತಿಪ್ಪೆಯ ಪಾಲು ಎಲ್ಲ ಬೆರೆತಿವೆ. ಆದರೆ ತಿಪ್ಪೆ ಪಕ್ಕದ ಬಾವಿಯ ನೀರನ್ನು ಮೊದಲು ಕುಡಿಯುವವರು ಆ ಮನೆಯವರೂ ಆ ಹಸುಗಳೂ ಎಂಬುದನ್ನು ಮರೆಯಬಾರದು.

ಬಸಿದುಹೋಗುವುದು ಹಣವೂ ಹೌದು. ನಾಸಿಕ್ ಜಿಲ್ಲೆ ದ್ರಾಕ್ಷಿಗೆ, ಈರುಳ್ಳಿಗೆ ಹೆಸರಾದದ್ದು. ಎರಡೂ ಬೆಳೆಗೆ ಒಳ್ಳೆಯ ಗೊಬ್ಬರಕ್ಕೆ ಎಂದೂ ಗಿರಾಕಿಯಿದೆ. ನೆರಳಿನಲ್ಲಿ ಪದರಪದರವಾಗಿ ಕೊಳೆಸಿದ ಗೊಬ್ಬರಕ್ಕೂ ಮಳೆಯಲ್ಲಿ ನೆಂದು ಸತ್ವ ಕಳೆದುಕೊಂಡ ರಾಶಿಗೂ ಒಂದೇ ಬೆಲೆ ಕೊಡುವಷ್ಟು ದ್ರಾಕ್ಷಿ ಬೆಳೆಗಾರರು ದಡ್ಡರಲ್ಲ. ನಿಯಮ ಎಂಬುದು ಹಣದ ಮಾತು ಎಂದು ಇಡೀ ಸೀಮೆಯಲ್ಲಿ ಅವರಷ್ಟು ಕಲಿತವರೂ ಬೇರೆ ಇಲ್ಲ. 2010ರಲ್ಲಿ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಎಂಬ ಬೆಳವಣಿಗೆ ನಿಯಂತ್ರಕದ ಶೇಷ ಸಿಕ್ಕಿತೆಂದು ಯುರೋಪ್ ಅವರ ದ್ರಾಕ್ಷಿಯನ್ನು ತಿರಸ್ಕರಿಸಿತು. ಬಳ್ಳಿ ಚೆನ್ನಾಗಿತ್ತು, ಹಣ್ಣು ಸಿಹಿಯಾಗಿತ್ತು, ಪೇಟೆ ಮಾತ್ರ ಬಾಗಿಲು ಹಾಕಿಕೊಂಡಿತು. ಆಮೇಲೆ ಯಾವ ತೋಟಕ್ಕೆ ಯಾವ ದಿನ ಏನು ಸಿಂಪಡಿಸಿದೆ ಎಂದು ಬರೆದಿಡುವುದನ್ನು ರಫ್ತುಗಾರ ರೈತರು ಕಿರಿಕಿರಿ ಎಂದುಕೊಳ್ಳುವುದನ್ನು ಬಿಟ್ಟರು. ಹಾಲು ಯುರೋಪಿಗೆ ಹೋಗುತ್ತಿಲ್ಲ ನಿಜ. ಆದರೂ ಕೊಳ್ಳುವವನ ಷರತ್ತು ಒಂದೇ ರಾತ್ರಿಯಲ್ಲಿ ಬದಲಾಗಬಹುದು, ಆ ದಿನ ದಾಖಲೆ ಇಲ್ಲದವನ ಸರಕು ಮೊದಲು ಹೊರಗುಳಿಯುತ್ತದೆ ಎಂಬುದಕ್ಕೆ ಪಕ್ಕದ ಹೊಲವೇ ಸಾಕ್ಷಿ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಗೋದಾವರಿಯನ್ನು ಕೆಡಿಸಿದ್ದು ನಾಸಿಕ್‌ನ ಒಳಚರಂಡಿ, ಕಾರ್ಖಾನೆಗಳು. ಬಡ ಹೈನುಗಾರನ ಮೇಲೆ ಏಕೆ ಕಣ್ಣು? ಕೇಂದ್ರ ಮಂಡಳಿಯ 2022ರ ಪಟ್ಟಿಯಲ್ಲಿ ದೇಶದ 311 ಕಲುಷಿತ ನದಿಭಾಗಗಳ ಪೈಕಿ 55 ಮಹಾರಾಷ್ಟ್ರದವು, ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಇದರ ಮುಖ್ಯ ಹೊಣೆ ನಗರಗಳದ್ದೇ. ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ; ಆದರೆ ಅದರಿಂದ ಹೊರಡುವ ತೀರ್ಮಾನವನ್ನು ಒಪ್ಪಲಾರೆ. 2027ರ ಸಿಂಹಸ್ಥ ಕುಂಭಮೇಳಕ್ಕೆ ನಾಸಿಕ್, ತ್ರ್ಯಂಬಕೇಶ್ವರ ಅಣಿಯಾಗುವ ಹೊತ್ತಿನಲ್ಲಿ ನದಿ ಶುದ್ಧಿಯ ಒತ್ತಡ ಏರದೆ ಇರದು. ಹಾಗೆ ಒತ್ತಡ ಬಂದಾಗ ಆಡಳಿತದ ಕೈಗೆ ಮೊದಲು ಸಿಗುವುದು ದೊಡ್ಡ ತಪ್ಪಿತಸ್ಥನಲ್ಲ, ಸುಲಭದ ತಪ್ಪಿತಸ್ಥ. ಶುದ್ಧೀಕರಣ ಘಟಕ ಕಟ್ಟಲು ವರ್ಷಗಳು ಬೇಕು, ನದಿ ಪಕ್ಕದ ಕೊಟ್ಟಿಗೆಗೆ ನೋಟಿಸ್ ಅಂಟಿಸಲು ಒಂದು ಮಧ್ಯಾಹ್ನ ಸಾಕು. ಇದು ನ್ಯಾಯವಲ್ಲ, ಆದರೆ ಅಪಾಯದ ಲೆಕ್ಕ ಹಾಕುವವನು ನ್ಯಾಯವನ್ನು ನಂಬಿ ಕೂರಲಾಗದು. ಜೊತೆಗೆ ನಾಂದೂರ್ ಮಧಮೇಶ್ವರ 2019ರಲ್ಲಿ ಮಹಾರಾಷ್ಟ್ರದ ಮೊದಲ ರಾಮ್‌ಸರ್ ತಾಣವಾಗಿದೆ. ನಿಂತ ನೀರಿಗೆ ಸಾರಜನಕ, ರಂಜಕ ಬಂದಷ್ಟೂ ಜಲಕಳೆ ಹಬ್ಬುತ್ತದೆ. ಅಂತರರಾಷ್ಟ್ರೀಯ ಪಟ್ಟಿ ಸೇರಿದ ಜೌಗಿನ ಸುತ್ತಲಿನ ಹಳ್ಳಿಗಳಿಗೆ ಬರುವ ಪ್ರಶ್ನೆಗಳು ಬೇರೆ ಊರಿಗಿಂತ ಹೆಚ್ಚೇ ಇರುತ್ತವೆ.

ಹಾಗಾದರೆ ನಾಲ್ಕು ಹಸು ಕಟ್ಟಿದವನು ಏನು ಮಾಡಬೇಕು? ಸಮ್ಮತಿಪತ್ರದ ನಿಯಮ ಅವನನ್ನು ಮುಟ್ಟುವುದಿಲ್ಲ, ಮುಟ್ಟಬಾರದು ಕೂಡ. ಆದರೆ ಕಾನೂನು ಕೊಟ್ಟಿಗೆ ಲೆಕ್ಕದಲ್ಲಿ ಎಣಿಸುತ್ತದೆ, ನೀರು ಊರಿನ ಲೆಕ್ಕದಲ್ಲಿ ಎಣಿಸುತ್ತದೆ. ನಾಲ್ಕು ಹಸುವಿನ ಹತ್ತು ಮನೆ ಸಾಲಾಗಿದ್ದರೆ ಆ ಚರಂಡಿಗೆ ನಲವತ್ತು ಹಸುವೇ. ಅವನಿಗೆ ನಿಯಮಕ್ಕಿಂತ ಬಲವಾದ ಕಾರಣ ಕೊಟ್ಟಿಗೆಯೊಳಗೇ ಇದೆ. 2022ರಲ್ಲಿ ಜಳಗಾಂವ್ ಕಡೆಯಿಂದ ಹಬ್ಬಿದ ಚರ್ಮಗಂಟು ರೋಗ ನೆನಪಿರಬಹುದು. ಸತ್ತ ಹಾಲು ಹಸುವಿಗೆ ಸರ್ಕಾರ 30,000, ಎತ್ತಿಗೆ 25,000, ಕರುವಿಗೆ 16,000 ರೂಪಾಯಿ ಪರಿಹಾರ ಕೊಟ್ಟಿತು. ಒಳ್ಳೆಯ ಮಿಶ್ರತಳಿ ಹಸುವಿನ ಪೇಟೆ ಬೆಲೆ ಅದರ ದುಪ್ಪಟ್ಟಿಗೂ ಮೇಲೆ. ಆ ರೋಗವನ್ನು ಹೊತ್ತು ತಿರುಗುವ ಕಚ್ಚುವ ನೊಣ ಮೊಟ್ಟೆ ಇಡುವುದು ಎಲ್ಲಿ? ಹಸಿ ಸಗಣಿ, ಕೊಳೆತ ಮೇವು ಬೆರೆತ ಜಾಗದಲ್ಲಿ. ಕೆಚ್ಚಲು ಬಾವಿನ ಅನೇಕ ರೋಗಾಣುಗಳಿಗೂ ಒದ್ದೆ ನೆಲವೇ ಮನೆ. ಕೆಚ್ಚಲು ಬಾವು ಬಂದ ಹಸುವಿನ ಹಾಲು ಚಿಕಿತ್ಸೆ ಮುಗಿದು ಔಷಧದ ಶೇಷ ಹೋಗುವವರೆಗೆ ಡೇರಿಗೆ ಹೋಗುವಂತಿಲ್ಲ. ಮಾರ್ಗಸೂಚಿ ಕೇಳುವ ಗಟ್ಟಿ ನೆಲ, ಇಳಿಜಾರು, ದಿನಾ ಸಗಣಿ ಬಾಚುವುದು ಇವೆಲ್ಲ ಯಾವ ವಿಮಾ ಕಂಪನಿಯೂ ಕೊಡದ ರಕ್ಷಣೆ. ಮೊದಲು ನೀರು ಹಾಕದೆ ಬಾಚಿ ಆಮೇಲೆ ತೊಳೆದರೆ ನೀರು ಎಷ್ಟೋ ಉಳಿಯುತ್ತದೆ ಎಂಬುದು ಟ್ಯಾಂಕರ್ ಕಾದು ಕೂರುವ ವೈಜಾಪುರದವರಿಗೆ ಬಿಡಿಸಿ ಹೇಳಬೇಕಿಲ್ಲ. ಬರ ಬಂದಾಗ ದನ ಮಾರದೆ ಉಳಿಸಿಕೊಳ್ಳುವವನು ಕಡಿಮೆ ನೀರಲ್ಲಿ ಕೊಟ್ಟಿಗೆ ನಡೆಸಲು ಕಲಿತವನೇ. ಬಿಸಿಲಿನ ವಿಷಯವೂ ಹೀಗೆಯೇ: ತಾಪ ಇಂತಿಷ್ಟು ದಿನ ಮಿತಿ ಮೀರಿದರೆ ತಾನಾಗಿ ಪರಿಹಾರ ಬರುವ ವಿಮೆಯನ್ನು ಕಾಸರಗೋಡನ್ನೂ ಒಳಗೊಂಡ ಮಲಬಾರ್ ಹಾಲು ಒಕ್ಕೂಟ ಈಗಾಗಲೇ ತಂದಿದೆ. ಬೇಸಿಗೆಯ ಮರಾಠವಾಡಕ್ಕೆ ಅದು ಇನ್ನೂ ಹೆಚ್ಚು ಬೇಕು.

ಕಾಯೋಣ, ಎಲ್ಲರ ಮೇಲೂ ಬಂದಾಗ ನೋಡೋಣ ಎನ್ನುವವರು ನೆದರ್‌ಲ್ಯಾಂಡ್ಸ್ ಕಡೆ ತಿರುಗಿ ನೋಡಬೇಕು. 2015ರ ಏಪ್ರಿಲ್‌ನಲ್ಲಿ ಯುರೋಪಿನ ಹಾಲಿನ ಕೋಟಾ ಪದ್ಧತಿ ಮುಗಿಯಿತು. ಇನ್ನು ಎಷ್ಟು ಹಾಲನ್ನಾದರೂ ಹಾಕಬಹುದು ಎಂದು ಅಲ್ಲಿನ ರೈತರು ಸಾಲ ಮಾಡಿ ಕೊಟ್ಟಿಗೆ ಹಿಗ್ಗಿಸಿದರು. ಬ್ಯಾಂಕುಗಳೂ ಉದಾರವಾಗಿ ಕೊಟ್ಟವು. ದೇಶದ ತಿಪ್ಪೆಯ ರಂಜಕ ಮಿತಿ ಮೀರಿತು. 2018ರ ಜನವರಿಯಿಂದ ಪ್ರತಿ ಕೊಟ್ಟಿಗೆಗೂ ರಂಜಕದ ಹಕ್ಕುಪತ್ರ ಬಂತು, ಅದನ್ನು ಲೆಕ್ಕ ಹಾಕಿದ್ದು 2015ರ ಜುಲೈ 2ರಂದು ಇದ್ದ ದನಗಳ ಸಂಖ್ಯೆಯ ಮೇಲೆ. ಆ ದಿನದ ನಂತರ ಕೊಟ್ಟಿಗೆ ತುಂಬಿಸಿಕೊಂಡವರ ಪಾಡು ಊಹಿಸಿ: ಸಾಲ ಪೂರ್ತಿ, ಹಸು ಕಟ್ಟುವ ಹಕ್ಕು ಅರೆಬರೆ. ಸಾರಜನಕ ಮಾಲಿನ್ಯದ ಬಗ್ಗೆ 2019ರಲ್ಲಿ ಅಲ್ಲಿನ ನ್ಯಾಯಾಲಯ ಕೊಟ್ಟ ತೀರ್ಪಿನ ನಂತರ ರೈತರ ಟ್ರ್ಯಾಕ್ಟರುಗಳು ಹೇಗ್ ನಗರಕ್ಕೆ ನುಗ್ಗಿದವು. ಅಷ್ಟು ದಟ್ಟ ಹೈನುಗಾರಿಕೆ ನಮ್ಮಲ್ಲಿಲ್ಲ, ಅಂಥ ಕಟ್ಟುನಿಟ್ಟೂ ಇಲ್ಲ. ಆದರೆ ಕೊಟ್ಟಿಗೆಗೆ ಸಾಲ ಕೊಡುವಾಗ ತಿಪ್ಪೆಗೆ ಜಾಗ ಎಲ್ಲಿ ಎಂದು ಕೇಳದ ಬ್ಯಾಂಕು ಎರಡೂ ಕಡೆ ಒಂದೇ ಬಗೆಯದು.

ಇಷ್ಟಾದರೂ ತಿಪ್ಪೆಯ ನಿರ್ವಹಣೆಯ ಖರ್ಚನ್ನೆಲ್ಲ ರೈತನ ಹೆಗಲಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಗೋಬರ್ ಗ್ಯಾಸಿನ ಲೆಕ್ಕವನ್ನೇ ನೋಡಿ: 25 ಕಿಲೋ ಸಗಣಿಗೆ ಸುಮಾರು ಒಂದು ಘನ ಮೀಟರ್ ಅನಿಲ. ಎರಡು ಘನ ಮೀಟರಿನ ಮನೆ ಸ್ಥಾವರಕ್ಕೆ ಮೂರು ನಾಲ್ಕು ದನ ಸಾಕು, ಅಡುಗೆ ನಡೆಯುತ್ತದೆ. ಇಪ್ಪತ್ತು ಹಸುವಿನವನಿಗೆ ಅನಿಲ ಮನೆಗೆ ಬಳಸಿ ಮಿಗುತ್ತದೆ, ಮಿಕ್ಕದ್ದನ್ನು ಕೊಳ್ಳುವವರಿಲ್ಲ. ಗೋಬರ್ ಗ್ಯಾಸ್ ಎಲ್ಲಕ್ಕೂ ಮದ್ದು ಎನ್ನುವ ಉತ್ಸಾಹಿಗಳು ಈ ಲೆಕ್ಕ ಹೇಳುವುದಿಲ್ಲ. ಅಲ್ಲಿ ಲಾಭವಿರುವುದು ಸ್ಥಾವರದಿಂದ ಹೊರಬರುವ ಬಗ್ಗಡದಲ್ಲಿ. ಗುಜರಾತಿನ ಆಣಂದ್ ಜಿಲ್ಲೆಯ ಝಕರಿಯಾಪುರದಲ್ಲಿ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಮನೆಮನೆಗೆ ಸಣ್ಣ ಸ್ಥಾವರ ಕೊಡಿಸಿ, ಹೆಚ್ಚಾದ ಬಗ್ಗಡವನ್ನು ಕೊಂಡು ಗೊಬ್ಬರವಾಗಿ ಮಾರುವ ಏರ್ಪಾಡು ಮಾಡಿತು; 2022ರಲ್ಲಿ ಇದಕ್ಕೆಂದೇ ಎನ್‌ಡಿಡಿಬಿ ಮೃದಾ ಎಂಬ ಕಂಪನಿಯನ್ನೂ ತೆರೆಯಿತು. ಅನಿಲ ಸ್ಥಾವರದ ಸಾವಯವ ಗೊಬ್ಬರಕ್ಕೆ ಟನ್ನಿಗೆ 1,500 ರೂಪಾಯಿ ಮಾರುಕಟ್ಟೆ ನೆರವನ್ನು ಕೇಂದ್ರ 2023ರಲ್ಲಿ ಪ್ರಕಟಿಸಿತು. ಪಶುಸಂಗೋಪನಾ ಮೂಲಸೌಕರ್ಯ ನಿಧಿಯ ಶೇ 3ರ ಬಡ್ಡಿ ರಿಯಾಯಿತಿ ತ್ಯಾಜ್ಯ ನಿರ್ವಹಣೆಗೂ ಅನ್ವಯಿಸುತ್ತದೆ. ಇವೆಲ್ಲ ಒಬ್ಬ ರೈತನ ಅಳತೆಗೆ ದೊಡ್ಡವು, ಒಂದು ಡೇರಿಯ ಅಳತೆಗೆ ಸರಿಯಾದವು. ಮಹಾರಾಷ್ಟ್ರದ ಹಾಲು ಮಹಾಮಂಡಳ ಮಹಾನಂದ್ 2024ರಲ್ಲಿ ಇದೇ ರಾಷ್ಟ್ರೀಯ ಮಂಡಳಿಯ ಆಡಳಿತಕ್ಕೆ ಬಂದಿರುವುದರಿಂದ ಶುರುಮಾಡಲು ಜಾಗ ಹುಡುಕಬೇಕಾಗಿಲ್ಲ. ಖಾಸಗಿ ಡೇರಿಗಳನ್ನೂ ಬಿಡುವಂತಿಲ್ಲ. ತಮ್ಮ ಘಟಕದಿಂದ ಹೊರಬೀಳುವ ನೀರಿಗೆ ಬಿಒಡಿ (ಜೈವಿಕ ಆಮ್ಲಜನಕ ಬೇಡಿಕೆ) ಲೀಟರಿಗೆ 100 ಮಿಲಿಗ್ರಾಂ, ಎಣ್ಣೆ-ಜಿಡ್ಡು 10 ಮಿಲಿಗ್ರಾಂ ಎಂಬ ಮಿತಿಗಳನ್ನು ಪಾಲಿಸಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು. ಅದೇ ಹಾಲು ಹುಟ್ಟುವ ಕೊಟ್ಟಿಗೆಯ ನೀರು ತಮ್ಮ ಹೊಣೆಯಲ್ಲ ಎಂಬಂತೆ ನಡೆದುಕೊಂಡಿದ್ದಾರೆ. ಹಾಲಿಗೆ ದರ ಕಟ್ಟುವುದು ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೋಡಿ. ಬಟವಾಡೆಯ ಬಿಲ್ಲಿನಲ್ಲಿ ಹಿಂಡಿಯ ಕಡಿತ, ಮುಂಗಡದ ಕಡಿತ, ಸಾಲದ ಕಂತಿನ ಕಡಿತ ಎಲ್ಲಕ್ಕೂ ಒಂದೊಂದು ಸಾಲಿದೆ. ಕೊಂಡ ಬಗ್ಗಡಕ್ಕೆ, ನೋಂದಾಯಿತ ಕೊಟ್ಟಿಗೆಗೆ ಲೀಟರಿನ ಮೇಲೆ ಕೊಡುವ ಪೈಸೆಗಳಿಗೆ ಜಮೆಯ ಕಡೆ ಇನ್ನೊಂದು ಸಾಲು ಸೇರಿಸಲು ಆ ಬಿಲ್ಲಿನಲ್ಲಿ ಜಾಗವಿದೆ. ಅದನ್ನು ಮೊದಲು ಬರೆಯುವ ಡೇರಿಗೆ ಬರಗಾಲದಲ್ಲೂ ಹಾಲು ತಪ್ಪದೆ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು.